ಒಡೆದ ದೋಣಿಯ ಸಾಲ

ನಾನು ಚಿಕ್ಕವನಿದ್ದಾಗ ನಮ್ಮೂರಿಗೆ ದೋಣಿಯ ಸಾಲವಿತ್ತು, ದೋಣಿ ಮಾತ್ರ ಇರಲಿಲ್ಲ. ಕೊಣ್ಣೂರಿನ ಹತ್ತಿರ ಘಟಪ್ರಭೆಯ ದಂಡೆಯಲ್ಲಿ ನಮ್ಮೂರು. ಮಳೆಗಾಲದಲ್ಲಿ ಹೊಳೆ ದಾಟಲೆಂದು ಅಜ್ಜನ ಕಾಲದ ಹಿರಿಯರು ಊರಿನ ಹೆಸರಲ್ಲಿ ಗೋಕಾಕದ ಸಾಹುಕಾರನಿಂದ ಜೋಳ ಸಾಲ ತಂದು, ಮಾರಿ, ದೋಣಿ ಮಾಡಿಸಿದ್ದರಂತೆ. ದೋಣಿ ಒಡೆಯಿತು. ರಿಪೇರಿಗೆಂದು ಇನ್ನಷ್ಟು ತಂದರು. ಬಡ್ಡಿ ಬಾಕಿ ಬಿತ್ತು, ಅದನ್ನು ಕಟ್ಟಲು ಮತ್ತೆ ತಂದರು. ಅಪ್ಪನ ಕಾಲಕ್ಕೆ ಚಾವಡಿ ಸೋರಿದಾಗಲೂ ಅದೇ ಸಾಹುಕಾರ, ಅದೇ ಕಾಗದ. ನಾನು ಹುಟ್ಟುವ ಹೊತ್ತಿಗೆ ದೋಣಿಯ ಹಲಗೆಗಳು ಯಾರದೋ ಒಲೆಯಲ್ಲಿ ಉರಿದು ಹೋಗಿದ್ದವು. ಸಾಲ ಮಾತ್ರ ಗುಂಡುಕಲ್ಲಿನ ಹಾಗೆ ಗಟ್ಟಿಯಾಗಿತ್ತು.

ಸುಗ್ಗಿ ಮುಗಿದ ಮೇಲೆ ಪಂಚರು ಮನೆಮನೆಯಿಂದ ತಲೆಗೆ ನಾಲ್ಕು ಸೇರು ಜೋಳ ಎತ್ತುತ್ತಿದ್ದರು. ಹಲ್ಲಿಲ್ಲದ ಅಜ್ಜಿಗೂ ನಾಲ್ಕು, ನನಗೂ ನಾಲ್ಕು. ತೊಟ್ಟಿಲಿಗೆ ಹಾಕಿ ಹೆಸರಿಡದ ಕೂಸನ್ನು ಮಾತ್ರ ಲೆಕ್ಕಕ್ಕೆ ಹಿಡಿಯುವ ಹಾಗಿರಲಿಲ್ಲ. ಊರಿನ ರೀತಿಯೇ ಹಾಗಿತ್ತು.

ಆ ವರ್ಷ ನನಗೆ ತಮ್ಮ ಹುಟ್ಟಿದ್ದ. ಪಂಚರು ಜೋಳ ಎತ್ತಲು ಬಂದ ಮರುದಿನವೇ ಅವನ ತೊಟ್ಟಿಲ ಕಾರ್ಯ. ಹೆಸರಿಡಲು ಹುಕ್ಕೇರಿಯಿಂದ ಅತ್ತೆ ಬರುವವಳಿದ್ದಳು. ಬಾಣಂತಿಯ ಕೋಣೆಯಿಂದ ಬಜೆ, ಬೆಳ್ಳುಳ್ಳಿ, ಕೆಂಡದ ಹೊಗೆಯ ವಾಸನೆ ಬರುತ್ತಿತ್ತು. ಅಕ್ಕ ಪಡಸಾಲೆಯಲ್ಲಿ ಕುಳಿತು, ತೊಟ್ಟಿಲ ದಿನ ಬೇಯಿಸಿ ಹಂಚುವ ಗುಗ್ಗರಿಗೆಂದು ಗೋಧಿ ಹಸನು ಮಾಡುತ್ತಿದ್ದಳು. ಕಂಡವರ ಹೊಲದಲ್ಲಿ ಉದುರಿದ ತೆನೆ ಆಯ್ದು ಅವಳೇ ಕೂಡಿಸಿದ ಗೋಧಿ ಅದು. ತಮ್ಮನ ಗುಗ್ಗರಿ ಓಣಿಗೆಲ್ಲ ಮುಟ್ಟಬೇಕೆಂಬುದು ಅವಳ ಹಟ. ನನಗೆ ಒಂದು ಕಾಳನ್ನೂ ಬಾಯಿಗೆ ಹಾಕಗೊಡಲಿಲ್ಲ, ಜಿಪುಣಿ.

ಆಗ ಪಂಚರ ಪೈಕಿ ಒಬ್ಬ ಕಾಕಾ ಚೀಲ, ಪಟ್ಟಿ ಹಿಡಿದು ಬಂದರು. ಅಪ್ಪ ನಮ್ಮ ಐದು ಜನರ ಜೋಳ ಅಳೆದ.

"ಕೂಸು?" ಎಂದರು ಕಾಕಾ.

"ಇನ್ನೂ ಹೆಸರಿಟ್ಟಿಲ್ರಿ," ಎಂದ ಅಪ್ಪ.

ಮಾತು ಅಲ್ಲಿಗೇ ಮುಗಿಯಬೇಕಿತ್ತು. ಆದರೆ ಗೊತ್ತಿದ್ದದ್ದನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವ ಹುಡುಗ ನಾನಾಗಿರಲಿಲ್ಲ.

"ಇಟ್ಟಾರಲ್ರಿ ಕಾಕಾ. ನಮ್ಮ ಅಜ್ಜನ ಹೆಸರು. ಅವ್ವ ಹಂಗ ಕರೀತಾಳ."

ಕಾಕಾ ನಗಲಿಲ್ಲ. ಪಟ್ಟಿಯ ಮೊದಲ ಹಾಳೆ ತೆಗೆದರು. ಅಲ್ಲಿ ಮೊದಲ ಸಾಲ ತಂದವರ ಸಾಲಿನಲ್ಲಿ ಅಜ್ಜನ ಹೆಸರು, ಪಕ್ಕದಲ್ಲಿ ಹೆಬ್ಬೆಟ್ಟಿನ ಗುರುತು ಇತ್ತು.

"ಸಾಲ ತಂದಾಂವನ ತಿರುಗಿ ಬಂದಾನ ನೋಡು," ಎಂದು ಅಪ್ಪನಿಗೆ ಹೇಳಿದರು. "ನಾ ಏನ್ ಮಾಡ್ಲೆಪಾ? ನಮ್ಮ ಮನ್ಯಾಗ ಒಂಬತ್ತು ತಲಿ ಅದಾವು, ಒಂಬತ್ತಕ್ಕೂ ಅಳದೇನಿ."

ನಮ್ಮ ಚೀಲದ ತಳದಲ್ಲಿ ಉಳಿದಿದ್ದ ಜೋಳ ಆ ತಿಂಗಳ ರೊಟ್ಟಿಗೇ ಸಾಲುವಂತಿರಲಿಲ್ಲ. ಅಪ್ಪ ಅಕ್ಕನ ಮೊರದ ಕಡೆ ನೋಡಿ ತಲೆ ತಗ್ಗಿಸಿದ. ಅಕ್ಕ ತಾನೇ ಎದ್ದು ಬಂದು ಗೋಧಿಯನ್ನು ಕಾಕಾನ ಚೀಲಕ್ಕೆ ಸುರಿದಳು. ಆ ಸದ್ದು ನನಗೆ ಈಗಲೂ ಕೇಳಿಸುತ್ತದೆ.

"ನೀ ಯಾಕ ಬ್ಯಾಡ ಅನ್ಲಿಲ್ಲಪಾ?" ಎಂದು ಆಮೇಲೆ ಅಪ್ಪನನ್ನು ಕೇಳಿದೆ.

"ಹೋದ ವರ್ಸ ಬಡ್ಡಿ ಕಟ್ಟಾಕ ಹೊಸಾ ಸಾಲ ತರೂಣು ಅಂದಾಗ ನಾನೂ ಕೈ ಎತ್ತೇನಿ," ಎಂದ ಅಪ್ಪ. "ಈಗ ಯಾವ ಬಾಯ್ಲೆ ಬ್ಯಾಡ ಅನ್ಲಿ?"

ಮರುದಿನ ಗುಗ್ಗರಿ ಇಲ್ಲದೆಯೇ ತೊಟ್ಟಿಲು ತೂಗಿದರು. ಬಂದವರ ಕೈಗೆ ಬೆಲ್ಲದ ಚೂರು ಇಟ್ಟರು. ಅಕ್ಕ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಮಕ್ಕಳೇ, ನಿಮ್ಮ ಕಾಲದಲ್ಲಿ ಹೊಳೆಗೆ ಸೇತುವೆ ಇದೆ. ಕಾಲು ತೋಯಿಸದೆ ಬಸ್ಸಿನಲ್ಲಿ ಅರಭಾವಿಗೆ, ಮೂಡಲಗಿಗೆ ಹೋಗಿ ಬರುತ್ತೀರಿ. ಚೀಲ ಹಿಡಿದು ಯಾವ ಕಾಕಾನೂ ಬಾಗಿಲಿಗೆ ಬರುವುದಿಲ್ಲ. ಆದರೆ ಮೊನ್ನೆ ನನ್ನ ಮೊಮ್ಮಗ ಮೊಬೈಲಿನಲ್ಲಿ ಓದಿ ಹೇಳಿದ. ದೇಶಕ್ಕೂ ಸಾಲವಿದೆಯಂತೆ, ಅವನ ಮುತ್ತಜ್ಜನ ಕಾಲದಿಂದ ಬೆಳೆಯುತ್ತಲೇ ಬಂದಿದೆಯಂತೆ, ಹಳೆಯದನ್ನು ತೀರಿಸಲು ಹೊಸದು ತರುತ್ತಾರಂತೆ, ತಲೆಗೆ ಇಷ್ಟು ಎಂದು ಪಾಲು ಬರುತ್ತದಂತೆ.

"ಅಜ್ಜಾ, ನಾ ಯಾವಾಗ ಇಸ್ಕೊಂಡೇನಿ?" ಎಂದ.

ಅವನು ಬೆರಳು ಮಡಚುತ್ತ ಮನೆಯ ತಲೆ ಎಣಿಸತೊಡಗಿದ. ಅಪ್ಪ, ಅವ್ವ, ಅಜ್ಜ, ತಾನು. ಆಮೇಲೆ ಕೋಣೆಯಲ್ಲಿ ಮಲಗಿದ್ದ ಎಂಟು ದಿನದ ತಂಗಿಯ ಕಡೆ ಕೈ ತೋರಿಸಿದ.

ನಾನು ತಟ್ಟನೆ ಅವನ ಬಾಯಿಗೆ ಅಡ್ಡ ಕೈ ಹಿಡಿದೆ. "ಸುಮ್ನಿರೋ ತಮ್ಮಾ," ಎಂದೆ. "ಅಕಿಗೆ ಇನ್ನೂ ಹೆಸರಿಟ್ಟಿಲ್ಲ."