ಈರಪ್ಪ ಕೊಟ್ಟ ಎಲೆ-ಅಡಿಕೆ

ಕೊರೋನಾ ಮುಗಿದು ಕಾಲೇಜು ಸರಿಯಾಗಿ ಶುರುವಾದ ವರ್ಷ. ನಾನು ಹೊನ್ನಾವರದಲ್ಲಿ ಫಿಲಾಸಫಿ ಲೆಕ್ಚರರ್ ಆಗಿದ್ದೆ. ಧಾರೇಶ್ವರದವ ನಾನು; ಇಪ್ಪತ್ನಾಲ್ಕು ವರ್ಷದವರೆಗೆ ಬೋಟಿಗೆ ಹೋಗಿ, ಆಮೇಲೆ ಎಸ್ಸೆಸ್ಸೆಲ್ಸಿ ಕಟ್ಟಿದವ. ಪಿಎಚ್.ಡಿ. ಮಾಡಿದ್ದು ಫೆಮಿನಿಸ್ಟ್ ಫಿಲಾಸಫಿಯಲ್ಲಿ. ಹೆಂಗಸರ ಪರವಾಗಿ ಬೇರೆಯವರೇ ಮಾತಾಡಿಬಿಟ್ರೆ ಅವರ ಮಾತು ಎಲ್ಲಿಗೆ ಹೋಗ್ತದೆ ಅನ್ನೂದೇ ನನ್ನ ಥೀಸಿಸ್ಸು.

ಕೊನೇ ವರ್ಷದ ನಾಗರತ್ನಂಗೆ ಧಾರವಾಡದಲ್ಲಿ ಎಂ.ಎ. ಸೀಟು ಸಿಕ್ತು. ಭಟ್ಕಳದ ಹತ್ರ ಜಾಲಿಯವಳು. ಅಪ್ಪ ಈರಪ್ಪ ತಾಂಡೇಲ, ಅಂದ್ರೆ ಬೋಟು ನಡೆಸುವ ಯಜಮಾನ. ಅವ ಹಾಸ್ಟೆಲಿಗೆ ಕಳಿಸೂದಿಲ್ಲ ಅಂತಾನಂತೆ ಅಂತ ಅವಳ ಗೆಳತಿ ಹೇಳಿದ್ಲು. ನಾಗರತ್ನನ್ನ ಒಂದು ಮಾತು ಕೇಳದೆ ಭಾನುವಾರ ಜಾಲಿಗೆ ಬಸ್ಸು ಹತ್ತಿದೆ.

ಬಂಗಡೆ ಸಾರಿನ ಊಟ ಹಾಕಿದ್ರು. ಅವಳನ್ನ ಯಾಕೆ ಕಳಿಸಬೇಕು ಅಂತ ಉಣ್ತಾ ಅರ್ಧ ಗಂಟೆ ಮಾತಾಡಿದೆ. ಬಾಗಿಲ ಹತ್ರ ನಿಂತ ನಾಗರತ್ನ ಎಂತದೋ ಹೇಳೂಕೆ ಬಾಯಿ ತೆಗೆದ್ಲು.

"ನೀ ತಡಿ, ನಾ ಹೇಳ್ತೆ" ಅಂದೆ.

ಈರಪ್ಪ ಕೈ ತೊಳೆದು ಬಂದು ಎಲೆ-ಅಡಿಕೆ ಮುಂದಿಟ್ಟ. "ಆತು ಮಾಸ್ತರೇ. ನಿಮ್ಗೆ ಒಪ್ಪಿಸ್ದೆ. ಇನ್ನು ಅವ್ಳು ಹೋಗೂದು ಬರೂದು ಎಲ್ಲ ನಿಮ್ದು."

ಹುಡುಗನ್ನ ಬೋಟಿಗೆ ಹಾಕುವಾಗ ಮನೆಯವರು ತಾಂಡೇಲನಿಗೆ ಹೀಗೇ ಎಲೆ-ಅಡಿಕೆ ಕೊಟ್ಟು ಒಪ್ಪಿಸೂದು. ಆಮೇಲೆ ಯಾರೂ ಹುಡುಗನ್ನ ಕೇಳೂದಿಲ್ಲ, ತಾಂಡೇಲನ್ನೇ ಕೇಳೂದು. ನನ್ನನ್ನೂ ಅಪ್ಪ ಹಾಗೇ ಒಪ್ಪಿಸಿದ್ದ. ಎಲ್ಲ ಗೊತ್ತಿದ್ದೂ, ಗೆದ್ದೆ ಅನ್ನೂ ಖುಷೀಲಿ ಕವಳ ಬಾಯಿಗೆ ಹಾಕಿದೆ.

ನಾಗರತ್ನ ಬಸ್ ಸ್ಟಾಪಿನವರೆಗೆ ಬಂದ್ಲು.

"ಎಂತಕ್ಕೆ ಬಂದ್ರಿ ಸರ್?" ಅಂದ್ಲು. "ಮೊನ್ನೆಯೇ ಅಪ್ಪ ಒಪ್ಪಿದ್ದ. ಜಗಳ ಆಡಿ, ಊಟ ಬಿಟ್ಟು ಒಪ್ಸಿದ್ದೆ. ನಿನ್ನ ಬದುಕು, ನೀ ನೋಡ್ಕ ಅಂದಿದ್ದ. ಈಗ ನೀವೇ ಹೊಣೆ ಹೊರೂಕೆ ಬಂದ್ರಿ ಅಂತ ನಿಮ್ ಕೈಗೆ ಕೊಟ್ಟ."

"ಬಾ, ಅಪ್ಪಂಗೆ ಹೇಳ್ತೆ."

"ಮತ್ತೂ ನೀವೇ ಹೇಳೂದಾ?"

ಅವಳು ಧಾರವಾಡಕ್ಕೇನೋ ಹೋದ್ಲು. ಲೈಬ್ರರಿಯಿಂದ ಬರೂಕೆ ತಡವಾದ್ರೆ, ಜ್ವರ ಬಂದ್ರೆ ಈರಪ್ಪನ ಫೋನು ನಂಗೆ. ದೀಪಾವಳಿ ಹತ್ರ ಬಂದಾಗ ಕೇಳ್ದ, "ಮಾಸ್ತರೇ, ಹಬ್ಬಕ್ಕೆ ಅವಳನ್ನ ಕಳಿಸ್ತ್ರಾ?"

"ಅವಳನ್ನೇ ಕೇಳ ಮಾರಾಯಾ."

"ಕೇಳ್ದೆ. ಮಾಸ್ತರನ್ನ ಕೇಳು ಅಂದ್ಲು."

ನಾಚಿಕೆ ಹುಟ್ಟೂದು ಇನ್ನೊಬ್ಬರ ಕಣ್ಣೆದುರು ಅಂತ ಪಾಠ ಮಾಡ್ತಿದ್ದೆ. ಆಗ ನನ್ನೆದುರು ಯಾರೂ ಇರ್ಲಿಲ್ಲ. ಆದ್ರೂ ಮುಖ ಎತ್ತೂಕಾಗ್ಲಿಲ್ಲ.

ಈ ಮಾಸ್ತರಿಕೆ ಕೆಲಸ ನಂಗೆ ಕಲಿಸಿದ್ದು ಇಷ್ಟೇ. ಯಾರ ಪರವಾಗಿ ಮಾತಾಡೂಕೆ ಹೊರಟೆನೋ ಅವರನ್ನ ಮೊದ್ಲು ಕೇಳಬೇಕು. ಬೇಡ ಅಂದ್ರೆ ಬಸ್ಸು ಹತ್ತಬಾರದು.