ಏಳು ಗಿಡಗಳಲ್ಲಿ ಆಯಿಯ ಗಿಡ

30 ಡಿಸೆಂಬರ್ 2024, ಸೋಮವಾರ, ಎಳ್ಳಮಾವಾಸ್ಯೆ. ಬೆಳಿಗ್ಗೆ ಎಂಟು ನಲವತ್ತಕ್ಕೆ ಕೋಟನೂರಿನ ನಮ್ಮ ಮನೆಯಿಂದ ಕಾರು ಹೊರಟಿತು. ಒಳಗೆ ಐದು ಜನ: ಅಣ್ಣ, ವೈನಿ, ಅವರ ಆರು ವರ್ಷದ ಮಗಳು, ಆಯಿ ಮತ್ತು ನಾನು. ಆಯಿ ಎಂದರೆ ಅಪ್ಪನ ತಾಯಿ. ಡಿಕ್ಕಿಯಲ್ಲಿ ಒಂದು ಪಾತೇಲಿ ತುಂಬ ಕಾಳು ಸೊಪ್ಪಿನ ಭಜ್ಜಿ, ಮೂವತ್ತೆರಡು ಸಜ್ಜೆ ರೊಟ್ಟಿ, ಹದಿನಾಲ್ಕು ಶೇಂಗಾ ಹೋಳಿಗೆ, ಎರಡು ತಂಬಿಗೆ ಅಂಬಲಿ. ಆಯಿಯ ತೊಡೆಯ ಮೇಲೆ ಒಂದು ಬಟ್ಟೆಯ ಚೀಲ. ಅದನ್ನು ಡಿಕ್ಕಿಯಲ್ಲಿಡಲು ಆಕೆ ಒಪ್ಪಲಿಲ್ಲ.

ಚೀಲದಲ್ಲಿ ಉಡಿ ತುಂಬುವ ಸಾಮಾನಿತ್ತು. ಐದು ಹಿಡಿ ಅಕ್ಕಿ, ಒಂದು ತೆಂಗಿನಕಾಯಿ, ಐದು ಉತ್ತತ್ತಿ, ಐದು ಅರಿಷಿಣ ಕೊಂಬು, ಎಲೆ ಅಡಿಕೆ. ಜೊತೆಗೆ ಒಂದು ಹಸಿರು ಕುಬಸದ ಖಣ. ಹಿಂದಿನ ದಿನ ಸಂಜೆ ಜಗತ್ ಬಜಾರಿನ ಅಂಗಡಿಯೊಂದರಲ್ಲಿ ಹನ್ನೊಂದು ಖಣ ಬಿಚ್ಚಿಸಿ, ಬೆಳಕಿಗೆ ಹಿಡಿಸಿ ನೋಡಿ, ಹನ್ನೆರಡನೆಯದನ್ನು ಆಯಿ ಒಪ್ಪಿದ್ದಳು.

ಆಯಿ ಹುಟ್ಟಿದ್ದು ದಾರಿಯಲ್ಲಿ. ಆಕೆಯ ತಾಯಿ ಹೆರಿಗೆಗೆಂದು ಚಕ್ಕಡಿಯಲ್ಲಿ ತವರಿಗೆ ಹೊರಟಿದ್ದಾಗ ಕಮಲಾಪುರದ ಆಚೆ ನೋವು ಶುರುವಾಗಿ, ರಸ್ತೆ ಬದಿಯ ದೊಡ್ಡ ಆಲದ ಗಿಡದ ಕೆಳಗೆ ಕೂಸು ಹುಟ್ಟಿತಂತೆ. ಪಕ್ಕದ ಹೊಲದಿಂದ ಬಂದ ಹೆಂಗಸೊಬ್ಬಳು ಹೆರಿಗೆ ಮಾಡಿಸಿದಳಂತೆ. ಮುಂದಿನ ವರ್ಷ ಬಂದು ನಿನ್ನ ಉಡಿ ತುಂಬುತ್ತೇನೆ ಎಂದು ಆಯಿಯ ತಾಯಿ ಆಕೆಗೆ ಮಾತು ಕೊಟ್ಟಳು, ಆದರೆ ಹೋಗಲಿಲ್ಲ. ಸಾಯುವ ಮುಂಚೆ ಆ ಮಾತನ್ನು ಮಗಳಿಗೆ ಒಪ್ಪಿಸಿದಳು. ಮಗಳೂ ಹೋಗಲಿಲ್ಲ. ಈಗ ಎರಡನೆಯ ಕಣ್ಣಿನ ಪೊರೆ ತೆಗೆಸಿದ ಮೇಲೆ ಆಯಿ ಹಟ ಹಿಡಿದಳು. ಕಣ್ಣು ಕಾಣುವಾಗಲೇ ಹೋಗಬೇಕು. ಆ ಹೆಂಗಸು ಈಗ ಇರಲಾರಳು, ಗಿಡಕ್ಕಾದರೂ ಉಡಿ ತುಂಬಿ ಬರಬೇಕು.

ತಾರೀಖಿನ ವಿಷಯವೂ ನನ್ನನ್ನು ಕಾಡುತ್ತಿತ್ತು. ಆಧಾರ್ ಕಾರ್ಡಿನ ಪ್ರಕಾರ ಆಯಿ ಹುಟ್ಟಿದ್ದು ಜನವರಿ ಒಂದರಂದು. ನಮ್ಮ ಓಣಿಯಲ್ಲಿ ಆ ವಯಸ್ಸಿನ ಹದಿನೇಳು ಜನರಿದ್ದಾರೆ, ಅವರಲ್ಲಿ ಹನ್ನೊಂದು ಮಂದಿಯದು ಅದೇ ತಾರೀಖು. ನಾನೇ ಮನೆಮನೆಗೆ ಹೋಗಿ ಕೇಳಿ ಬರೆದುಕೊಂಡಿದ್ದೇನೆ. ಪ್ರತಿ ವರ್ಷ ಅವತ್ತು ಬ್ಯಾಂಕಿನಿಂದ ಶುಭಾಶಯ ಬಂದರೆ, ಬೇರೆ ಯಾರಿಗೋ ಬಂದದ್ದು ಎನ್ನುವಂತೆ ಆಯಿ ಫೋನು ನನ್ನ ಕೈಗೆ ಕೊಡುತ್ತಾಳೆ. ಆಕೆಗೆ ಗೊತ್ತಿದ್ದದ್ದು ಇಷ್ಟೇ: ಎಳ್ಳಮಾವಾಸ್ಯೆಯ ಮರುದಿನ. ಹಾಗಾದರೆ ಮಂಗಳವಾರ ಹೋಗೋಣ ಎಂದು ನಾನು ಹೇಳಿದ್ದೆ. ಅಮಾವಾಸ್ಯೆಗೇ ಹೋಗಬೇಕು ಎಂದು ಆಯಿ ಪಟ್ಟು ಹಿಡಿದಳು. ಕಾರಣ ಹೇಳಲಿಲ್ಲ.

ಅವತ್ತು ನಮ್ಮ ಕಡೆ ಊರಿಗೆ ಊರೇ ಹೊಲದಲ್ಲಿರುತ್ತದೆ. ಬೆಳೆ ಹೊತ್ತ ಭೂಮಿ ಬಸುರಿ ಎಂದು ಆಕೆಗೆ ಉಣಿಸುವ ಹಬ್ಬ. ತಂದ ಅಡಿಗೆಯನ್ನು ಮೊದಲು ಹೊಲದ ಸುತ್ತ ಚೆಲ್ಲುತ್ತಾರೆ, ಅದಕ್ಕೆ ಚರಗ ಎನ್ನುತ್ತಾರೆ. ನಮಗೆ ಹೊಲವಿಲ್ಲ. ಅಪ್ಪ ಅಮ್ಮ ಎಂದಿನಂತೆ ತಾಜಸುಲ್ತಾನಪುರದಲ್ಲಿ ಚಿಕ್ಕಮ್ಮನ ಹೊಲಕ್ಕೆ ಹೋದರು. ನಾವು ಕಮಲಾಪುರದ ರಸ್ತೆ ಹಿಡಿದೆವು.

ಕಮಲಾಪುರ ದಾಟಿ ಹತ್ತು ನಿಮಿಷಕ್ಕೆ, ಆಯಿಯ ತಾಯಿ ಗುರುತು ಹೇಳಿದ್ದ ತೋಪು ಬಂತು. ಹಳೆಯ ಗಿಡಗಳ ಆ ಜಾಗವನ್ನು ಈಗ ಯಾರೋ ಗುತ್ತಿಗೆ ಹಿಡಿದು ಮಕ್ಕಳ ವನ ಮಾಡಿದ್ದಾರೆ. ‘ದೊಡ್ಡ ಗಿಡಗಳ ಕಾಡು, ಕುಟುಂಬ ಸಮೇತ ಬನ್ನಿ’ ಎಂದು ಫಲಕ. ಆಲದ ಬೀಳಲುಗಳ ನಡುವೆ ಜೋಕಾಲಿ, ಹಗ್ಗದ ಸೇತುವೆ, ಗಿಡಗಳನ್ನು ಸುತ್ತಿ ಬರುವ ಒಂದು ಸಣ್ಣ ರೈಲು. ಆ ರೈಲಿನ ಎಂಜಿನ್ ಬಣ್ಣ ಬಳಿದ ಟ್ರ್ಯಾಕ್ಟರ್. ಸಿಮೆಂಟಿನ ಕಟ್ಟೆಯ ಮೇಲೆ ಸಿಮೆಂಟಿನದೇ ಒಂದು ಜಿರಾಫೆ. ಬಾಗಿಲಲ್ಲಿ ಕೆಂಪು ಬಾಳೆಹಣ್ಣು ಮಾರುವವರು ಮೂವರು. ಟಿಕೇಟು ಕೊಡುವವಳು ಮೂವತ್ತರ ಒಬ್ಬ ಹೆಣ್ಣುಮಗಳು. ಚೀಟಿ ಹರಿಯುವಾಗ ಆಕೆ ಆಯಿಯನ್ನು ನೋಡಿ, ಹಿರಿಯರಿಗೆ ಟಿಕೇಟಿಲ್ಲ, ಆದರೆ ಜೋಕಾಲಿ ಹತ್ತುವಂತಿಲ್ಲ ಎಂದಳು. ನಾನು ಗಿಡ ನೋಡಲು ಬಂದವಳು ಎಂದಳು ಆಯಿ.

ದೊಡ್ಡ ಗಿಡಗಳು ಒಟ್ಟು ಏಳು. ಐದು ಆಲ, ಎರಡು ಹುಣಸೆ. ನಾನು ದಿನಚರಿಯಲ್ಲಿ ಎರಡು ಕಾಲಂ ಗೆರೆ ಎಳೆದು ಐದು ಆಲಗಳನ್ನು ‘ನೋಡಬೇಕಾದ್ದು’ ಎಂದೂ ಎರಡು ಹುಣಸೆಗಳನ್ನು ‘ಬಿಟ್ಟದ್ದು’ ಎಂದೂ ಬರೆದೆ. ಮನೆಯಿಂದ ತಂದಿದ್ದ ಹಗ್ಗದ ಒಂದು ತುದಿಯನ್ನು ಅಣ್ಣನ ಮಗಳ ಕೈಗೆ ಕೊಟ್ಟು ಸುತ್ತಳತೆ ತೆಗೆಯತೊಡಗಿದೆ. ಎಲ್ಲಕ್ಕಿಂತ ದಪ್ಪನೆಯದೇ ಹಳೆಯದು, ಅದೇ ಆಯಿಯದು ಎಂಬುದು ನನ್ನ ಲೆಕ್ಕ. ಹಗ್ಗ ಹಿಡಿದ ಮಗು ಪ್ರತಿ ಸುತ್ತಿನಲ್ಲೂ ಗಿಡದ ಹಿಂದೆ ಅಡಗಿ ಕೂತು, ಹುಡುಕು ಎನ್ನುತ್ತಿತ್ತು. ಐದು ಗಿಡಕ್ಕೆ ಒಂದು ಗಂಟೆ ಹತ್ತು ನಿಮಿಷ ಹಿಡಿಯಿತು.

ಪ್ರತಿ ಗಿಡದ ಬುಡಕ್ಕೂ ಆಯಿಯನ್ನು ಕರೆದೊಯ್ದೆ. ಆಕೆ ಮೇಲೆ ನೋಡುತ್ತಿದ್ದಳು, ತೊಗಟೆಯ ಮೇಲೆ ಕೈ ಇಡುತ್ತಿದ್ದಳು, ಇದಲ್ಲ ಎನ್ನುತ್ತಿದ್ದಳು. ಐದು ಸಲ ‘ಇದಲ್ಲ’. ಐದನೆಯ ಸಲ ನನಗೆ ಸಿಟ್ಟೇ ಬಂತು. ಹುಟ್ಟಿದ ದಿನ ನೋಡಿದ ಗಿಡ ಅದಲ್ಲ ಎಂದು ಹೇಗೆ ಗೊತ್ತು ಎಂದು ಕೇಳಿಬಿಟ್ಟೆ. ಆಯಿ ಚೀಲವನ್ನು ಇನ್ನೊಂದು ಕೈಗೆ ಬದಲಿಸಿಕೊಂಡು, ಹಸಿವಾಯಿತು ನಡಿ ಎಂದಳು.

ಹನ್ನೆರಡೂವರೆಗೆ ಊಟಕ್ಕೆ ಕೂತೆವು. ವೈನಿ ಒಂದು ರೊಟ್ಟಿ ಮುರಿದು ಭಜ್ಜಿ ಕಲಸಿ ಗಿಡಗಳ ಸುತ್ತ ಚರಗ ಚೆಲ್ಲತೊಡಗಿದಾಗ ಟಿಕೇಟಿನವಳು ಓಡಿ ಬಂದಳು. ಹೀಗೆ ಚೆಲ್ಲಿದರೆ ಮಂಗಗಳು ಬರುತ್ತವೆ, ಮಾಲೀಕರು ತನ್ನನ್ನು ಬಯ್ಯುತ್ತಾರೆ ಎಂದಳು. ಮಂಗಕ್ಕೂ ಅಮಾವಾಸ್ಯೆ ಇರುತ್ತದೆ ಎಂದು ಹೇಳಿ ಆಯಿ ಆಕೆಯನ್ನೂ ಕೂರಿಸಿ ಎರಡು ರೊಟ್ಟಿ ಬಡಿಸಿದಳು. ಆಕೆ ಮೂರನೆಯದನ್ನು ತಾನೇ ತೆಗೆದುಕೊಂಡಳು.

ಆಗ ಅಣ್ಣನ ಮಗಳು ಜಿರಾಫೆಯ ಪಕ್ಕದ ಹುಣಸೆಯ ಕಡೆ ಓಡಿದಳು. ಅದರ ಬುಡದಲ್ಲಿ ಇಬ್ಬರು ನಿಲ್ಲುವಷ್ಟು ದೊಡ್ಡ ಪೊಟರೆಯಿತ್ತು. ಮಗು ಒಳಗೆ ಹೊಕ್ಕದ್ದೇ ವೈನಿ ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟಳು.

“ಏ, ಹೊರಗ ಬಾ. ಅಮಾಸಿ ದಿನ ಹುಣಸಿ ಗಿಡದಾಗ ಹೋಗ್ತಾರೇನು?”

“ಇರ್ಲಿ ಬಿಡವಾ,” ಎಂದಳು ಆಯಿ. “ನನಗೇನಾಗ್ಯದ?”

ನಮಗಾರಿಗೂ ತಿಳಿಯಲಿಲ್ಲ. ಆಯಿ ಅಂಬಲಿಯ ತಂಬಿಗೆ ಬದಿಗಿಟ್ಟಳು.

“ಆಲದ ಗಿಡ ಅಲ್ಲ. ಹುಣಸಿ. ಮರುದಿನಾನೂ ಅಲ್ಲ, ಅಮಾಸಿ ದಿನಾನೇ.”

ಆಮೇಲೆ ನಿಧಾನವಾಗಿ ಎಲ್ಲ ಹೇಳಿದಳು. ಹುಣಸೆಯ ನೆರಳಲ್ಲಿ, ಅದೂ ಅಮಾವಾಸ್ಯೆಯಂದು ಹುಟ್ಟಿದ ಹೆಣ್ಣನ್ನು ಯಾರು ಮನೆ ತುಂಬಿಸಿಕೊಳ್ಳುತ್ತಾರೆ? ಹುಣಸೆಯಲ್ಲಿ ದೆವ್ವ ಇರುತ್ತದೆ ಎಂದು ನಂಬಿದ ಜನ. ತಾಯಿ ಚಕ್ಕಡಿಯಲ್ಲೇ ತೀರ್ಮಾನ ಮಾಡಿ, ಬಂಡಿ ಹೊಡೆಯುತ್ತಿದ್ದ ತನ್ನ ಅಣ್ಣನಿಂದ ಆಣೆ ಹಾಕಿಸಿಕೊಂಡಳು. ಗಿಡ ಆಲವಾಯಿತು, ದಿನ ಮರುದಿನವಾಯಿತು. ಆಯಿಗೆ ಇದು ಗೊತ್ತಾದದ್ದು ತಾನು ಮೊದಲ ಸಲ ಬಸುರಿಯಾದಾಗ. ಮುತ್ಯಾನಿಗೆ, ಅಂದರೆ ಗಂಡನಿಗೆ, ಆತ ಸಾಯುವವರೆಗೂ ಹೇಳಲಿಲ್ಲ. ತಾಯಿ ಉಡಿ ತುಂಬಲು ಹೋಗದೆ ಇದ್ದದ್ದೂ ಇದೇ ಕಾರಣಕ್ಕೆ. ಹೋದರೆ ಜೊತೆಗೆ ನಾಲ್ಕು ಜನ ಬರುತ್ತಾರೆ, ಯಾವ ಗಿಡ ಎಂದು ಕೇಳುತ್ತಾರೆ.

ಅಣ್ಣ ತಟ್ಟೆಯಲ್ಲಿದ್ದ ಭಜ್ಜಿ ತೋರಿಸಿ, “ಅದಕ್ಕ ನೋಡು, ಆಯಿ ಭಜ್ಜಿಗಿ ಅಷ್ಟ್ ಹುಣಸಿಹಣ್ಣು ಹಾಕ್ತಾಳ,” ಎಂದ. ಮೊದಲು ನಕ್ಕವಳು ಆಯಿ.

ಹೆರಿಗೆ ಮಾಡಿಸಿದ ಹೆಂಗಸು ಬಾವಿಯಲ್ಲಿ ಕೈ ತೊಳೆದಳು ಎಂದು ತಾಯಿ ಹೇಳಿದ್ದಳಂತೆ. ಇಲ್ಲಿ ಬಾವಿ ಇತ್ತೇ ಎಂದು ಟಿಕೇಟಿನವಳನ್ನು ಕೇಳಿದೆ. ಆಕೆ ಜಿರಾಫೆಯ ಕಟ್ಟೆ ತೋರಿಸಿದಳು. ಮಕ್ಕಳು ಬೀಳಬಾರದೆಂದು ಬಾವಿ ಮುಚ್ಚಿ, ಅದರ ಮೇಲೆ ಜಿರಾಫೆ ನಿಲ್ಲಿಸಿದ್ದಾರಂತೆ. ನನ್ನ ‘ಬಿಟ್ಟದ್ದು’ ಕಾಲಮಿನ ಎರಡು ಗಿಡಗಳಲ್ಲಿ ಒಂದು ಅದರಿಂದ ಹದಿನಾರು ಹೆಜ್ಜೆ ದೂರದಲ್ಲಿತ್ತು. ಮಗು ಇನ್ನೂ ಅದರೊಳಗೇ ಕೂತಿತ್ತು.

ಆಯಿ ಚೀಲ ಹಿಡಿದು ಆ ಪೊಟರೆಗೆ ಹೋದಳು. ಖಣ ಬಿಚ್ಚಿ ಅಕ್ಕಿ ಹಾಕುತ್ತಾಳೆ ಎಂದು ನಾವು ಕಾದೆವು. ಆಕೆ ಮೊಮ್ಮಗನ ಮಗಳ ಪಕ್ಕ ಕೂತಳು, ಒಳಗಿನ ಕಟ್ಟಿಗೆಯನ್ನು ಅಂಗೈಯಿಂದ ಸವರಿದಳು. ಚೀಲದ ಗಂಟು ಬಿಚ್ಚಲಿಲ್ಲ.

“ಸುಳ್ಳ ಹೇಳುತನಕ ಗಿಡ ಸಾಕಾಗಿತ್ತು,” ಎಂದಳು ನನಗೆ. “ಈಗ ಸಾಲಂಗಿಲ್ಲವಾ. ನಮ್ಮವ್ವನ ಕೈ ಹಿಡದಾಕಿ ಗಿಡ ಅಲ್ಲಲ್ಲ.”

ಟಿಕೇಟಿನವಳಿಗೆ ಕಣ್ಣು ತುಂಬಿತ್ತು. ನಾನು ಹುಮನಾಬಾದ ಕಡೆಯಿಂದ ಬಂದ ಸೊಸೆ, ಇಲ್ಲಿನ ಹಳೆಯ ಸುದ್ದಿ ಗೊತ್ತಿಲ್ಲ, ಆದರೆ ನಾನೂ ಇದೇ ಮಣ್ಣಿನವಳಾದೆನಲ್ಲ, ಆ ಉಡಿ ನನಗೇ ತುಂಬಿರಿ ಎಂದಳು. ಆಯಿ ಆಕೆಯ ಗಲ್ಲ ಸವರಿದಳು. ನಿನ್ನ ಉಡಿ ನಿನ್ನದೇ ಖಣದಿಂದ ತುಂಬುತ್ತೇನೆ, ಸಂಕ್ರಾಂತಿಗೆ ಮನೆಗೆ ಬಾ, ಇದು ಬೇರೆಯವರದು ಎಂದಳು. ಆಕೆ ಜನವರಿ 14ಕ್ಕೆ ನಿಜವಾಗಿಯೂ ಬಂದಳು. ಜಗತ್‌ಗೆ ಮತ್ತೆ ಹೋಗಿದ್ದೆವು. ಈ ಸಲ ನಾಲ್ಕನೆಯ ಖಣಕ್ಕೇ ಆಯಿ ಒಪ್ಪಿದ್ದಳು.

ಹಸಿರು ಖಣ ಇನ್ನೂ ನಮ್ಮ ಮನೆಯಲ್ಲಿದೆ. ಅಕ್ಕಿಗೆ ಹುಳ ಹತ್ತಬಾರದೆಂದು ಆಯಿ ಪ್ರತಿ ಅಮಾವಾಸ್ಯೆಗೆ ಅದನ್ನು ಬದಲಿಸುತ್ತಾಳೆ. ಈವರೆಗೆ ಮೂರು ಸಲ ಬದಲಿಸಿದ್ದಾಳೆ. ಇದನ್ನು ಬರೆಯಲೇ ಎಂದು ಕೇಳಿದೆ. “ಬರಿ ಬರಿ,” ಎಂದಳು. “ಈಗ ನನ್ನ ಯಾರ್ ಲಗ್ನ ಮಾಡ್ಕೊಳ್ಳವ್ರದಾರ?”

ಹಾಗಾಗಿ ಕಮಲಾಪುರದ ಸುತ್ತಲಿನ ಮನೆಗಳಲ್ಲಿ ಇದನ್ನು ಓದುವವರಿಗೆ ನನ್ನದೊಂದು ಕೇಳಿಕೆ. 1948ರ ರಜಾಕಾರರ ಗದ್ದಲಕ್ಕೆ ಒಂದೆರಡು ವರ್ಷ ಮುಂಚೆ, ಒಂದು ಎಳ್ಳಮಾವಾಸ್ಯೆಯ ಮಧ್ಯಾಹ್ನ, ಚರಗದ ಬುಟ್ಟಿ ಹೊತ್ತು ಹೊಲದಲ್ಲಿದ್ದ ಹೆಂಗಸೊಬ್ಬಳು ರಸ್ತೆಯ ಹುಣಸೆಯ ಕೆಳಗೆ ದಾರಿಹೋಕಳ ಹೆರಿಗೆ ಮಾಡಿಸಿದ್ದಳು. ಕುಡುಗೋಲಿನಿಂದ ಹೊಕ್ಕುಳಬಳ್ಳಿ ಕೊಯ್ದಳು, ತನ್ನ ಸೀರೆಯ ಸೆರಗು ಹರಿದು ಕೂಸನ್ನು ಸುತ್ತಿದಳು, ಹೆಸರು ಕೇಳಿದ ತಾಯಿಗೆ “ಹೆಸರು ಆಮ್ಯಾಲ, ಮೊದಲ ಅಂಬಲಿ ಕುಡಿ” ಎಂದಳು. ಆ ಹೆಸರು ಕೇಳುವುದು ಕೊನೆಗೂ ಉಳಿದುಹೋಯಿತು. ನಿಮ್ಮ ಮನೆಯ ಹಿರಿಯರಲ್ಲಿ ಯಾರಾದರೂ ಈ ಕಥೆ ಹೇಳಿದ್ದರೆ, ಸೆರಗು ಹರಿದ ಸೀರೆಯುಟ್ಟು ಸಂಜೆ ಮನೆಗೆ ಬಂದ ಅವ್ವನ ಮಾತು ಯಾರಿಗಾದರೂ ನೆನಪಿದ್ದರೆ, ದಯವಿಟ್ಟು ಎರಡು ಸಾಲು ಬರೆದು ತಿಳಿಸಿ. ಆಕೆಯ ಮಗಳೋ ಸೊಸೆಯೋ ಮೊಮ್ಮಗಳೋ ಯಾರಿದ್ದರೂ ಸರಿ, ಆಯಿಯನ್ನು ಕರೆದುಕೊಂಡು ಬರುತ್ತೇವೆ.