ಕೊಡೆ ಮಾತ್ರ ದಾಟಿತು

ಹಲಸಿನ ಹಪ್ಪಳ ಹಾಕಿಡುವುದಕ್ಕೆ ನನ್ನಲ್ಲಿ ಒಂದು ತಗಡಿನ ಡಬ್ಬಿ ಇದೆ. ದುಂಡಗೆ, ಚಪ್ಪಟೆಯಾಗಿ, ಹಪ್ಪಳದ ಅಳತೆ ಕೊಟ್ಟು ಮಾಡಿಸಿದ ಹಾಗೆ. ಅದು ಸಿನಿಮಾದ ರೀಲು ಇಡುವ ಡಬ್ಬಿ ಎಂದರೆ ಮನೆಯಲ್ಲಿ ಯಾರೂ ನಂಬುವುದಿಲ್ಲ. ನಂಬದಿದ್ದರೆ ಬಿಡಲಿ, ಹಪ್ಪಳ ಮೆತ್ತಗಾಗದಿದ್ದರೆ ಸಾಕು.

ಮೊನ್ನೆ ಡಬ್ಬಿಯ ತಳಕ್ಕೆ ಹಾಸಲು ಹಳೆಯ ಪೇಪರನ್ನು ದುಂಡಗೆ ಕತ್ತರಿಸುತ್ತಿದ್ದೆ. ಕತ್ತರಿ ಸರಿಯಾಗಿ ಒಂದು ಫೋಟೋದ ಮೇಲೆ ಬಂತು. ಯಾವುದೋ ಹೊರದೇಶದ ಚಿತ್ರೋತ್ಸವವಂತೆ. ನಮ್ಮ ದೇಶದ ಸಿನಿಮಾದವರು ತಮ್ಮ ಚಿತ್ರದ ಪ್ರಚಾರಕ್ಕೆಂದು ಹೋಗಿ, ಕೆಂಪು ಹಾಸಿನ ಮೇಲೆ ಸಾಲಾಗಿ ನಿಂತು ನಗುತ್ತಿದ್ದರು. ಡಬ್ಬಿಯಿಂದ ಹಲಸು, ತಗಡು ಎರಡೂ ಕೂಡಿದ ಹಳೆಯ ವಾಸನೆ ಬಂತು. ಕತ್ತರಿ ಕೆಳಗಿಟ್ಟೆ. ಹೋಟೆಲಿನ ಅಕ್ಕ ನೆನಪಾದಳು...

ಆಗ ನನ್ನ ಯಜಮಾನರು ಕಡಬದ ಹತ್ತಿರ ಮೇಷ್ಟ್ರಾಗಿದ್ದರು. ಹೊಳೆಯ ಕಡವಿನಲ್ಲಿ, ದೋಣಿ ಹತ್ತುವ ಜಾಗದ ಬಳಿ, ನಮ್ಮ ಬಾಡಿಗೆ ಮನೆ, ಅದಕ್ಕೆ ತಾಗಿಯೇ, ಊರೆಲ್ಲ ಅಕ್ಕ ಎಂದು ಕರೆಯುತ್ತಿದ್ದವಳ ಚಾ ಹೋಟೆಲು. ಸೇತುವೆ ಇಲ್ಲದ ಕಾಲ. ಆಚೆ ದಡಕ್ಕೆ ಹೋಗುವವರೆಲ್ಲ ಅಲ್ಲಿ ಚಾ ಕುಡಿದೇ ದೋಣಿ ಹತ್ತುತ್ತಿದ್ದರು. ಗಂಡ ತೀರಿಹೋದ ಮೇಲೆ ಅಕ್ಕ ಒಬ್ಬಳೇ ಹೋಟೆಲು ನಡೆಸುತ್ತಿದ್ದಳು. ನಾಲಿಗೆ ಸ್ವಲ್ಪ ಹರಿತ. ಚಾ ಸಪ್ಪೆ ಎಂದವರಿಗೆ, ನಿಮ್ಮ ಮೋರೆಯೇ ಸಪ್ಪೆ, ಪಾಪದ ಚಾ ಎಂತ ಮಾಡೀತು ಎನ್ನುತ್ತಿದ್ದಳು. ಬೈಸಿಕೊಂಡವರೂ ಮರುದಿನ ಅಲ್ಲಿಗೇ ಬರುತ್ತಿದ್ದರು.

ಅವಳಿಗೆ ಒಬ್ಬಳೇ ಮಗಳು. ಆರು ವರ್ಷದ್ದು. ನಮ್ಮ ಕಡೆಯವರಿಗೆ ಕೊಡೆ ಬಿಟ್ಟರೆ ಕೈ ಖಾಲಿ, ಬಿಸಿಲಿಗೂ ಬೇಕು, ಮಳೆಗೂ ಬೇಕು. ಹೋಟೆಲಿಗೆ ಬಂದವರು ಅದನ್ನು ಮಾಡಿನ ಅಡಿಯ ಮರದ ರೀಪಿಗೆ ಸಿಕ್ಕಿಸಿ ಚಾ ಕುಡಿಯುವರು, ದೋಣಿಯವನು ಕೂ ಹಾಕಿದ ಕೂಡಲೇ ಮರೆತು ಓಡುವರು. ಆ ಕೊಡೆಯನ್ನು ಎತ್ತಿಕೊಂಡು, ಹೊಳೆಬದಿಯ ಮರಳಿನಲ್ಲಿ, ಆ ಹೊಯಿಗೆಯ ಮೇಲೆ ದೋಣಿಯ ಹಿಂದೆ ಓಡುವುದು ಈ ಹುಡುಗಿಯ ಕೆಲಸ. ಯಾರೂ ಹೇಳಿ ಕೊಟ್ಟ ಕೆಲಸವಲ್ಲ, ಅವಳೇ ವಹಿಸಿಕೊಂಡದ್ದು. ಕೊಡೆ ಅವಳಿಗಿಂತ ಉದ್ದ. "ಕೊಡೇ... ಕೊಡೇ..." ಎಂದು ಕೂಗಿಕೊಂಡು ಅವಳು ಬರುವುದು ಕಂಡರೆ ದೋಣಿಯವನು ಎಷ್ಟು ಅವಸರವಿದ್ದರೂ ಬಿದಿರಿನ ಜಲ್ಲೆ ಊರಿ ನಿಲ್ಲಿಸುತ್ತಿದ್ದ.

ಒಂದು ಬೇಸಗೆಯಲ್ಲಿ ಸಿನಿಮಾದವರು ಬಂದರು. ಮೈಸೂರಿನ ಕಡೆಯವರು. ನಿರ್ದೇಶಕರೆಂದರೆ ಗತ್ತಿನವರೇನೋ ಅಂದುಕೊಂಡಿದ್ದೆವು. ಸಣಕಲು ಮನುಷ್ಯ, ಮೆಲ್ಲಗೆ ಮಾತು. ಕಥಾನಾಯಕ ಊರು ಬಿಟ್ಟು ಹೊಳೆ ದಾಟುವುದನ್ನು ಅವರು ನಮ್ಮ ಕಡವಿನಲ್ಲಿ ತೆಗೆಯಬೇಕಿತ್ತು. ಹುಡುಗಿ ಕೊಡೆ ಹಿಡಿದು ಓಡುವುದನ್ನು ಕಂಡವರೇ, ಅದನ್ನೂ ಸಿನಿಮಾಕ್ಕೆ ಸೇರಿಸಿದರು. ನಾಯಕ ಕೊಡೆ ಮರೆತು ದೋಣಿ ಹತ್ತುವುದು, ಇವಳು ಓಡಿ ಬಂದು ಕೊಡುವುದು. ಅಷ್ಟೇ.

ಅಷ್ಟೇ ಎಂದರೂ ಒಂದೇ ಸಲಕ್ಕೆ ಮುಗಿಯಲಿಲ್ಲ. ಒಮ್ಮೆ ಬೆಳಕು ಸರಿಯಿಲ್ಲ, ಒಮ್ಮೆ ದೋಣಿ ಓರೆಯಾಯಿತು. ಹುಡುಗಿಗೆ ಅದು ನಟನೆ ಎಂದು ಗೊತ್ತೇ ಇಲ್ಲ. ಆ ಮನುಷ್ಯ ನಿಜವಾಗಿಯೇ ಮರೆಯುತ್ತಿದ್ದಾನೆ ಎಂದು ತಿಳಿದು, ಪ್ರತಿಸಲವೂ ಜೀವ ಬಿಟ್ಟು ಓಡಿದಳು. ಕಡೆಗೆ ಸೊಂಟಕ್ಕೆ ಕೈಯಿಟ್ಟು ನಿಂತು, "ನಿಮಗೆ ಎಷ್ಟು ಸಲ ಹೇಳುದು? ಕೊಡೆ ಮರೀಬೇಡಿ ಅಂತ!" ಎಂದು ನಾಯಕನನ್ನೇ ಗದರಿಸಿದಳು. ಸಿನಿಮಾದವರೆಲ್ಲ ಹೊಯಿಗೆಯಲ್ಲಿ ಕೂತು ನಕ್ಕರು. ಹೋಗುವಾಗ ಕ್ಯಾಮೆರಾದವರು ಅವಳಿಗೆ ರೀಲಿನ ಖಾಲಿ ಡಬ್ಬಿಯೊಂದನ್ನು ಕೊಟ್ಟರು. ಅದನ್ನು ಚಕ್ರದ ಹಾಗೆ ಅಂಗಳದಲ್ಲಿ ಉರುಳಿಸುತ್ತಿದ್ದಳು.

ಆ ಮಳೆಗಾಲದಲ್ಲಿ ಅವಳಿಗೆ ಜ್ವರ ಬಂತು. ಹೊಳೆ ಏರಿತ್ತು, ದೋಣಿ ಬಿಡುವ ಹಾಗಿರಲಿಲ್ಲ. ನೀರು ಇಳಿದ ಮೇಲೆ ಪುತ್ತೂರಿಗೆ ಕೊಂಡುಹೋದರು... ತಡವಾಗಿತ್ತು.

ಚಾ ಸಪ್ಪೆ ಎಂದವರಿಗೆ ಅಕ್ಕ ಈಗ ಬೈಯದೆ ಇನ್ನೊಂದು ಚಾ ಮಾಡಿಕೊಡುತ್ತಿದ್ದಳು. ಒಂದು ದಿನ ಪಾತ್ರೆ ತಿಕ್ಕುತ್ತಿದ್ದವಳು ನಿಲ್ಲಿಸಿ, "ಅವಳ ಒಂದು ಪಟ ಸಹ ತೆಗೆಸಲಿಲ್ಲ ಮಾರಾಯ್ತಿ. ನಾಳೆ ನನಗೆ ಮೋರೆ ಮರೆತು ಹೋದ್ರೆ ಎಂತ ಮಾಡುದು?" ಎಂದು ಕೇಳಿದಳು. ಪಟ ತೆಗೆಸಬೇಕಾದರೆ ಆಗ ಪುತ್ತೂರಿನ ಸ್ಟುಡಿಯೋಕ್ಕೇ ಹೋಗಬೇಕು. ನನ್ನ ಬಾಯಿಂದ ತಟ್ಟನೆ ಬಂದದ್ದು, ಸಿನಿಮಾದಲ್ಲಿ ಇದ್ದಾಳಲ್ಲ ಅಕ್ಕಾ ಎಂಬ ಮಾತು. ಅವಳು ತಲೆಯೆತ್ತಿ ನನ್ನನ್ನು ನೋಡಿದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಆಮೇಲೆ ಅವಳ ಜೀವ ಹಿಡಿದು ನಿಂತದ್ದೇ ಅದರ ಮೇಲೆ. ಸಿನಿಮಾ ಬರಬೇಕು, ಮಗಳು ಓಡುವುದನ್ನು ನೋಡಬೇಕು.

ದೀಪಾವಳಿ ಕಳೆದ ಮೇಲೆ ನಿರ್ದೇಶಕರು ಇನ್ನೊಮ್ಮೆ ಬಂದರು, ಒಬ್ಬರೇ. ಸಿನಿಮಾ ವಿದೇಶದ ಉತ್ಸವವೊಂದಕ್ಕೆ ಆಯ್ಕೆಯಾಗಿತ್ತು. ಅಲ್ಲಿ ಬಂದವರಿಗೆ ಹಂಚುವುದಕ್ಕೆ ಅವರಿಗೆ ಅಡಿಕೆ ಹಾಳೆಯ ಮುಟ್ಟಾಳೆಗಳು ಬೇಕಾಗಿದ್ದವು, ಗದ್ದೆ ಕೆಲಸದವರು ತಲೆಗೆ ಇಡುವಂಥದು. ಹುಡುಗಿ ಎಲ್ಲಿ ಎಂದು ಕೇಳುತ್ತಲೇ ಒಳಗೆ ಬಂದರು. ನಾನೇ ಹೇಳಬೇಕಾಯಿತು. ಬೆಂಚಿನ ಮೇಲೆ ಕೂತರು.

ಅಕ್ಕ ಅವರ ಮುಂದೆ ಚಾ ಇಟ್ಟು, ಉತ್ಸವ ಎಂದರೆ ಎಂತ ಮಾಡುವುದು ಎಂದು ವಿಚಾರಿಸಿದಳು. ಒಂದೊಂದು ದೇಶದವರೂ ಒಂದೊಂದು ಮೇಜು ಹಾಕಿ ಕೂರುವುದು, ಗೋಡೆಗೆ ಚಿತ್ರ ಹಚ್ಚುವುದು, ಹೋಗಿಬರುವವರನ್ನು ನಿಲ್ಲಿಸಿ ನಮ್ಮದನ್ನೂ ನೋಡಿ ಎಂದು ಕೇಳಿಕೊಳ್ಳುವುದು ಎಂದು ಅವರು ಹೇಳಿದರು. ಅಲ್ಲಿಯವರಿಗೆ ತಾಳ್ಮೆ ಕಡಿಮೆ, ಉದ್ದದ ಚಿತ್ರವಾದರೆ ಮಧ್ಯದಲ್ಲೇ ಎದ್ದು ಹೋಗುತ್ತಾರಂತೆ. ಅಷ್ಟು ದೂರ ಹೋಗಿ ದಾರಿಯಲ್ಲಿ ಜನ ಕರೆಯಬೇಕಾ, ಪಾಪ ಎಂದುಕೊಂಡಳು ಅಕ್ಕ. ಒಳಗೆ ಹೋಗಿ ಹಲಸಿನ ಹಪ್ಪಳದ ಒಂದು ಕಟ್ಟು ತಂದು ಅವರ ಮಡಿಲಿಗೆ ಇಟ್ಟಳು.

"ನೋಡ್ಲಿಕ್ಕೆ ಬಂದವರಿಗೆ ಇದು ಕೊಡಿ. ಬಾಯಿಗೆ ಎಂತಾದ್ರೂ ಇದ್ರೆ ಜನ ಕೂತುಕೊಳ್ತಾರೆ. ಅವಳು ಓಡುವಲ್ಲಿವರೆಗಾದ್ರೂ ಕೂತುಕೊಳ್ಳಲಿ."

ನಿರ್ದೇಶಕರು ಹಪ್ಪಳದ ಕಟ್ಟನ್ನೇ ನೋಡುತ್ತಿದ್ದರು. ಆಮೇಲೆ, "ಆ ಭಾಗ... ಉತ್ಸವಕ್ಕೆ ಅಂತ ತೆಗೆದಿದ್ದಾರೆ ಅಕ್ಕಾ" ಎಂದರು. ಚಾ ಪೂರ್ತಿ ಕುಡಿಯದೆ ಎದ್ದು ಹೋದರು.

ತೆಗೆದಿದ್ದಾರೆ! ನಮ್ಮಲ್ಲಿ ಪಟವನ್ನೂ ತೆಗೆಯುವುದು, ಸಿನಿಮಾವನ್ನೂ ತೆಗೆಯುವುದು. ನೆಂಟರಿಗೆಂದು ಒಳ್ಳೆಯ ಹಣ್ಣನ್ನು ತೆಗೆದಿಡುವುದು. ಅಕ್ಕನ ಕಿವಿಗೆ ಬಿದ್ದದ್ದು ಹಾಗೆ. ನಾನೂ ಹಾಗೆಯೇ ಕೇಳಿದೆ. ಕಡವಿಗೆ ಬಂದವರಿಗೆಲ್ಲ ಅಕ್ಕ ಹೇಳಿದ್ದೇ ಹೇಳಿದ್ದು, ಇಡೀ ಸಿನಿಮಾದಲ್ಲಿ ನನ್ನ ಮಗಳ ಭಾಗವನ್ನೇ ಉತ್ಸವಕ್ಕೆಂದು ತೆಗೆದಿದ್ದಾರೆ ಎಂದು. ಎಷ್ಟೋ ತಿಂಗಳ ಮೇಲೆ ಅವಳ ನಾಲಿಗೆಗೆ ಹರಿತ ವಾಪಸು ಬಂತು. ಚಾ ಸಪ್ಪೆ ಎಂದವರಿಗೆ ಬೈಗುಳ ಮತ್ತೆ ಶುರುವಾಯಿತು.

ಉತ್ಸವ ಮುಗಿದು ಮುಂದಿನ ಬೇಸಗೆಯಲ್ಲಿ ಸಿನಿಮಾ ಪುತ್ತೂರಿನ ಟೆಂಟು ಟಾಕೀಸಿಗೆ ಬಂತು. ಹೊರದೇಶದಲ್ಲಿ ಹೆಸರು ಮಾಡಿದ ಚಿತ್ರ ಎಂದು ಮೈಕಿನಲ್ಲಿ ಕೂಗಿಕೊಂಡು ಹೋದರು. ಅಕ್ಕ ಹೋಟೆಲಿಗೆ ಬಾಗಿಲು ಹಾಕಿ, ಪೆಟ್ಟಿಗೆಯ ಸೀರೆ ಉಟ್ಟಳು. ನಾವಿಬ್ಬರೂ ದೋಣಿಯಲ್ಲಿ ಹೊಳೆ ದಾಟಿ, ಬಸ್ಸು ಹಿಡಿದು ಹೋದೆವು. ಬಸ್ಸಿನಲ್ಲಿ ಅವಳು ಒಂದೇ ಮಾತನ್ನು ತಿರುಗಿಸಿ ಮುರುಗಿಸಿ ಕೇಳಿದಳು. ಆ ದಿನ ಅವಳಿಗೆ ಹಸಿರು ಲಂಗ ಹಾಕಿದ್ದೆ, ಸಿನಿಮಾದಲ್ಲಿ ಅದು ಹಸಿರೇ ಕಾಣುವುದಾ? ಕಪ್ಪು ಬಿಳುಪಿನ ಚಿತ್ರ ಅಕ್ಕಾ ಎಂದೆ. ಪರವಾಗಿಲ್ಲ, ಮೋರೆ ಕಂಡರೆ ಸಾಕು ಎಂದಳು.

ಟೆಂಟಿನ ಹೊಯಿಗೆಯಲ್ಲಿ, ಹೆಂಗಸರ ಕಡೆ, ಮುಂದೆಯೇ ಕೂತೆವು. ನಮ್ಮ ಕಡವು ಬಂತು. ಅಕ್ಕನ ಹೋಟೆಲಿನ ಮಾಡು ಕಂಡಿತು. ಅಕ್ಕ ನನ್ನ ಕೈ ಹಿಡಿದಳು. ನಾಯಕ ಬರಿಗೈಯಲ್ಲಿ ಬಂದು ದೋಣಿ ಹತ್ತಿದ. ಈಗ ಬರುತ್ತಾಳೆ ಎಂದು ಇಬ್ಬರೂ ಮುಂದಕ್ಕೆ ಬಾಗಿದೆವು.

ಬರಲಿಲ್ಲ. ಪರದೆಯ ಮೇಲೆ ಒಮ್ಮೆ ಮಿಂಚಿದ ಹಾಗಾಯಿತು, ಅಷ್ಟರಲ್ಲಿ ದೋಣಿ ಆಚೆ ದಡದಲ್ಲಿತ್ತು. ನಾಯಕ ಇಳಿದು ನಡೆದ.

ತೆಗೆದಿದ್ದಾರೆ... ಆ ಮಾತಿನ ಇನ್ನೊಂದು ಅರ್ಥ ನನಗೆ ಹೊಳೆದದ್ದು ಆಗ. ಅಲ್ಲಿಯವರು ಎದ್ದು ಹೋಗಬಾರದೆಂದು ಚಿತ್ರವನ್ನು ಗಿಡ್ಡ ಮಾಡುವಾಗ, ಕಿತ್ತು ಹಾಕಿದ್ದಾರೆ. ಅಕ್ಕನ ಕಡೆ ತಿರುಗಲು ಧೈರ್ಯ ಬರಲಿಲ್ಲ.

ನನ್ನ ಕೈಯನ್ನು ಅವಳು ಬಿಟ್ಟಿರಲಿಲ್ಲ. ಕಿವಿಯ ಹತ್ತಿರ ಬಂದು ಹೇಳಿದಳು:

"ಅವನ ಕಂಕುಳು ನೋಡಿದೆಯಾ? ಕೊಡೆ ಉಂಟು."

ನೋಡಿದೆ. ಹೌದು. ಬರಿಗೈಯಲ್ಲಿ ಹತ್ತಿದವನ ಕಂಕುಳಲ್ಲಿ ಆಚೆ ದಡದಲ್ಲಿ ಕೊಡೆ ಇತ್ತು. ಹುಡುಗಿಯನ್ನು ಕಿತ್ತವರಿಗೆ ಅದು ಕಂಡಿರಲಿಲ್ಲ.

"ಮುಟ್ಟಿಸಿದ್ದಾಳೆ" ಎಂದಳು ಅಕ್ಕ.

ಸಿನಿಮಾ ಮುಗಿಯುವವರೆಗೂ ಅವಳು ಆ ಕೊಡೆಯನ್ನೇ ನೋಡುತ್ತಿದ್ದಳು. ಅವನು ಪೇಟೆಗೆ ಹೋದ, ಪ್ರೀತಿಸಿದ, ಸೋತ, ಏನೇನೋ ಆಯಿತು. ಕೊಡೆ ಬಂದಾಗೆಲ್ಲ ನನ್ನ ಕೈ ಒತ್ತುತ್ತಿದ್ದಳು. ನಾನು ಸೆರಗು ಬಾಯಿಗೆ ಒತ್ತಿಕೊಂಡು ಅತ್ತೆ. ಸುತ್ತ ಕೂತವರು ಕಥೆಗೆ ಅಳುತ್ತಿದ್ದಾಳೆ ಎಂದುಕೊಂಡಿರಬೇಕು.

ನಿರ್ದೇಶಕರು ಹೇಳಿದ್ದು ಅಕ್ಕನಿಗೆ ಯಾವತ್ತು ಅರ್ಥವಾಯಿತೋ ನನಗೆ ಗೊತ್ತಿಲ್ಲ. ಅವರಿಗೆ ಅವಳು ಶಾಪ ಹಾಕಿದ್ದನ್ನೂ ಕೇಳಲಿಲ್ಲ. ಕೆಲವು ವರ್ಷಗಳ ಮೇಲೆ ಹೋಟೆಲು ಮುಚ್ಚಿ ಸುಳ್ಯದ ಅಣ್ಣನ ಮನೆಗೆ ಹೊರಟಾಗ ಈ ಡಬ್ಬಿಯನ್ನು ನನಗೆ ಕೊಟ್ಟಳು. ಅಲ್ಲಿಯವರೆಗೆ ಅದನ್ನು ತೊಳೆದು, ಒರೆಸಿ, ಖಾಲಿಯೇ ಇಟ್ಟಿದ್ದಳು.

"ಇದರಲ್ಲಿ ಎಂತಾದ್ರೂ ಹಾಕಿಡು" ಎಂದಳು. "ತೆರೆದಾಗ ಖಾಲಿ ಕಾಣುದು ಬೇಡ."

ಈಗ ಅಕ್ಕ ಇಲ್ಲ. ಆ ಸಿನಿಮಾವೂ ಎಲ್ಲಿಯೂ ಇಲ್ಲ ಎನ್ನುತ್ತಾರೆ. ಹಾಳಾಗಿ ಹೋಯಿತಂತೆ, ಕೊಡೆಯ ಸಮೇತ. ಪೇಪರಿನ ಫೋಟೋವನ್ನು ಅಡಿಮೇಲು ಮಾಡಿ ಡಬ್ಬಿಯ ತಳಕ್ಕೆ ಹಾಸಿ, ಹಪ್ಪಳ ತುಂಬಿಸಿ, ಮುಚ್ಚಳ ಹಾಕಿದೆ. ಆಮೇಲೆ ಕಣ್ಣು ಮುಚ್ಚಿ ಆ ಮಗುವಿನ ಮೋರೆಯನ್ನು ನೆನೆಸಿಕೊಳ್ಳಲು ನೋಡಿದೆ. ಹಸಿರು ಲಂಗ ಬಂತು. ಹೊಯಿಗೆಯಲ್ಲಿ ಓಡುವ ಕಾಲು ಬಂತು. ಕೊಡೆ ಬಂತು...

ಮೋರೆ ಬರಲಿಲ್ಲ.